ಬಡಿಸುವವಳ ಊಟ

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಒಬ್ಬ ಬಸ್ ಡ್ರೈವರ್ ಕೂಡ ಹಾಗೇ ಎಣಿಸಿ ಅಮ್ಮನಿಗೆ ಸುಳ್ಳು ಹೇಳಿದ್ದ. ಅವಳು ಎರಡು ಸಲ ಗ್ಯಾಸ್ ಉರಿಯಲು ಬಿಟ್ಟು ಮರೆತಿದ್ದಳು. ಎರಡನೇ ಸಲ ಪಕ್ಕದ ಮನೆಯವರು ಬಾಗಿಲು ಒಡೆಯಬೇಕಾಯಿತು. ಇವನೋ ಬೆಳಕು ಹರಿಯುವ ಮುಂಚೆ ಡಿಪೋ ಸೇರುವವನು. ಮದುವೆಯಿಲ್ಲ, ಮನೆಯಲ್ಲಿ ಇನ್ನೊಂದು ಜೀವವಿಲ್ಲ. ವೃದ್ಧಾಶ್ರಮದ ಮಾತೆತ್ತಿದರೆ ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಕೊನೆಗೆ, "ಅದು ಹಾಸ್ಟೆಲ್ ಕಣಮ್ಮ. ಅಡುಗೆಮನೆ ನೋಡ್ಕೊಳ್ಳೋಕೆ ಅನುಭವ ಇರೋರು ಬೇಕಂತೆ" ಅಂದ.

ಅವಳು ಆ ಸಂಜೆಯೇ ಬಟ್ಟೆ ಮಡಚಿಟ್ಟಳು.

ದುಡಿಯುವ ವಯಸ್ಸನ್ನೆಲ್ಲ ಹಾಸ್ಟೆಲ್ ಅಡುಗೆಮನೆಯಲ್ಲೇ ಕಳೆದವಳು ಅವಳು. ಅಲ್ಲಿ ಅವಳದೊಂದು ಹಟವಿತ್ತು, ಕೊನೆಯ ಹುಡುಗ ಉಂಡು ಎದ್ದ ಮೇಲೆಯೇ ತಾನು ಕೂರುವುದು. ಜ್ವರ ಬಂದರೂ ಅಷ್ಟೇ. ಮಗನಿಗೆ ಇದು ಗೊತ್ತಿಲ್ಲದ್ದೇನಲ್ಲ. ಚಿಕ್ಕವನಿದ್ದಾಗ ಅವಳ ಜೊತೆ ಉಣ್ಣುತ್ತೇನೆಂದು ಕಾದು ಕಾದು ಪಾತ್ರೆಗಳ ಪಕ್ಕದಲ್ಲೇ ನಿದ್ದೆಹೋಗುತ್ತಿದ್ದವನು ಇವನೇ. ಸುಳ್ಳು ಹೇಳುವವನಿಗೆ ನೆನಪಾದರೂ ಗಟ್ಟಿಯಿರಬೇಡವೇ?

ವಾರ ತುಂಬುವ ಮೊದಲೇ ಆಶ್ರಮದ ಮೇಲ್ವಿಚಾರಕಿಯ ಫೋನ್ ಬಂತು. "ನಿಮ್ಮ ತಾಯಿ ಊಟಾನೇ ಮಾಡ್ತಿಲ್ಲ. ಚಹಾ ಬಿಟ್ರೆ ಏನೂ ಒಳಗೆ ಹೋಗ್ತಿಲ್ಲ. ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ."

ಅವನು ಯೂನಿಫಾರ್ಮಿನಲ್ಲೇ ಓಡಿದ.

ಊಟದ ಕೋಣೆಯಲ್ಲಿ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೆನ್ನೆ ಇಳಿದುಹೋಗಿತ್ತು. ಮೇಜುಗಳ ಸುತ್ತ ಮುದುಕ ಮುದುಕಿಯರು. ಒಬ್ಬನಿಗೆ ಕೈ ನಡುಗಿ ಚಮಚ ಬಾಯಿ ಮುಟ್ಟುವುದೇ ಒಂದು ಸಾಹಸ. ಇನ್ನೊಬ್ಬಳು ತುತ್ತನ್ನು ಬಾಯಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದಳು. ಅವರ ಊಟ ಮುಗಿಯುವಷ್ಟರಲ್ಲಿ ದಿನವೂ ಅಡುಗೆಮನೆಗೆ ಬೀಗ ಬೀಳುತ್ತಿತ್ತು.

"ಎಂಥ ನಿಧಾನದ ಜನ ಕಣೋ" ಅಂತ ಅಮ್ಮ ಪಿಸುಗುಟ್ಟಿದಳು. "ಇವ್ರದ್ದೆಲ್ಲ ಆಗ್ಲಿ, ಆಮೇಲೆ ನಾನು ಕೂರ್ತೀನಿ."

ಅಡುಗೆಯವರು ಮೊದಲು ಉಣ್ಣಬೇಕಂತೆ, ಇಲ್ಲಿನ ನಿಯಮವಂತೆ ಅಂತ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೆನ್ನೆ ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಮ್ಮ, ನೀನಿಲ್ಲಿ ಅಡುಗೆಯವಳಲ್ಲ. ನಾನು ಸುಳ್ಳು ಹೇಳ್ದೆ. ನೀನೂ ಇವ್ರ ಹಾಗೇ ಕೂತು ಉಣ್ಣೋಕೆ ಬಂದವಳು."

ಅಮ್ಮ ಬೈಯಲಿಲ್ಲ. ಕೈ ನಡುಗುವವನನ್ನು ನೋಡಿದಳು, ತೂಕಡಿಸುವವಳನ್ನು ನೋಡಿದಳು.

"ಹಾಗಾದ್ರೆ ಮನೆಗೆ ಯಾವಾಗ?"

"ಇಲ್ಲಮ್ಮ. ಇನ್ಮೇಲೆ ಇದೇ."

ಅಮ್ಮ ಖಾಲಿ ಕುರ್ಚಿಯೊಂದನ್ನು ತಾನೇ ಎಳೆದುಕೊಂಡು ಕೂತಳು. ಅವನು ತಟ್ಟೆ ತಂದು ಬಡಿಸಿದ. ಹೊಟ್ಟೆ ಎಷ್ಟು ಹಸಿದಿತ್ತೋ ಏನೋ, ತಲೆಯೆತ್ತದೆ ಗಬಗಬ ತಿಂದಳು. ಬದುಕಿನಲ್ಲಿ ಅವಳು ಹಾಗೆ ತಿಂದದ್ದನ್ನು ಅವನು ನೋಡಿರಲೇ ಇಲ್ಲ. ಸಮಾಧಾನವೂ ಆಯಿತು, ಕರುಳೂ ಕಿತ್ತುಬಂತು.

ತಟ್ಟೆ ಬರಿದಾದ ಮೇಲೆ ಅವಳಿಗೆ ಏನೋ ಹೊಳೆಯಿತು.

"ನಿಂದು ಊಟ ಆಯ್ತಾ?"

"ಮನೆಗೆ ಹೋಗಿ ಮಾಡ್ತೀನಮ್ಮ."

ಅಲ್ಲಿಯವರೆಗೆ ಒಣಗಿದ್ದ ಅವಳ ಕಣ್ಣು ತುಂಬಿಕೊಂಡಿತು.

"ನೀನು ಉಣ್ಣೋ ಮುಂಚೆ ನಾನು ಉಂಡ್ಬಿಟ್ನಲ್ಲೋ" ಅಂದಳು.