ಕೈಬಿಡನು

ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಸಭೆ ಕಣ್ಣು ಮುಚ್ಚಿದರೂ ಅಣ್ಣನ ಬಲಗಣ್ಣು ಮಾತ್ರ ತೆರೆದೇ ಇರುತ್ತಿತ್ತು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣದು. ದೇವರ ಸನ್ನಿಧಿಯಲ್ಲೂ ಅದಕ್ಕೆ ರಜೆಯಿಲ್ಲ. ಮೇಜಿನ ಮೇಲೆ ಬಾಗಿ ಬಾಗಿ ಬೆನ್ನು ಕೊಕ್ಕೆಯಾಗಿದ್ದರಿಂದ ಜನ ಅವರನ್ನು ಮರೆಯಲ್ಲಿ 'ಅರ್ಕಾವೊತ್ತು' ಎನ್ನುತ್ತಿದ್ದರು. ನಡೆಯುವಾಗಲೂ ತೋರುಬೆರಳು ಸಾಲು ಹಿಡಿದು ಓದುವಂತೆ ಗೋಡೆಯುದ್ದಕ್ಕೂ ಸರಿಯುತ್ತಿತ್ತು. ಬೀಗ ಹಾಕಿದರೆ ಮೂರು ಸಲ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುವ ಜೀವ. "ಅಣ್ಣಾ, ಬೀಗಕ್ಕೂ ಒಂದು ಮರ್ಯಾದೆ ಇರುತ್ತೆ, ಒಂದ್ಸಲ ನಂಬಿ ನೋಡಿ" ಎಂದು ಅಚ್ಚಿನ ಮೊಳೆ ಜೋಡಿಸುವ ಅಕ್ಕ ನಗುತ್ತಿದ್ದರು.

ಒಂದು ವರ್ಷ ನಮ್ಮ ಸಭೆಯ ಹೊಸ ಪ್ರಾರ್ಥನಾಪುಸ್ತಕ ಅದೇ ಅಚ್ಚುಕೂಟಕ್ಕೆ ಬಂತು. ಅದರಲ್ಲೊಂದು ಸಾಲು: 'ಕರ್ತನು ನನ್ನನ್ನು ನಡೆಸುವನು, ಕಾಯುವನು, ಸಂತೈಸುವನು, ಕಷ್ಟಕಾಲದಲ್ಲಿ ಕೈಬಿಡನು.' ಒಂದರ ಹಿಂದೊಂದು ಮೂರು 'ವನು' ದಾಟಿ ಬಂದ ಕಣ್ಣಿಗೆ ನಾಲ್ಕನೆಯದು ಬೋಳುಬೋಳಾಗಿ ಕಂಡಿತು. ಅಕ್ಷರ ಬಿಟ್ಟುಹೋಗಿದೆಯೆಂದು ಕೆಂಪು ಶಾಯಿಯಲ್ಲಿ ಡಕಾರಕ್ಕೊಂದು ಕೊಂಬು ಕೊಟ್ಟು, ಮುಂದೊಂದು 'ವ' ಸೇರಿಸಿಬಿಟ್ಟರು. ಅಣ್ಣನ ಕೆಂಪು ಶಾಯಿಯನ್ನು ಪ್ರಶ್ನಿಸುವ ರೂಢಿ ಅಲ್ಲಿರಲಿಲ್ಲ. ಅಕ್ಕ ತಿದ್ದಿದಂತೆಯೇ ಮೊಳೆ ಕೂರಿಸಿದರು.

ಮೊದಲ ಭಾನುವಾರ ನಾವೆಲ್ಲ ಬಾಯಿಪಾಠದ ಬಲದಿಂದ ಸರಿಯಾಗಿಯೇ ಹೇಳಿದೆವು. ಗಂಡನನ್ನು ಮಣ್ಣುಮಾಡಿ ತಿಂಗಳೂ ಆಗದ ಒಬ್ಬ ಹೆಂಗಸು ಮಾತ್ರ ಅಚ್ಚಾದದ್ದನ್ನೇ ಓದಿದಳು: 'ಕಷ್ಟಕಾಲದಲ್ಲಿ ಕೈಬಿಡುವನು.' ಪುಸ್ತಕವನ್ನು ಬೆಂಚಿನ ಮೇಲೆ ಮೆಲ್ಲಗೆ ಮುಚ್ಚಿಟ್ಟು ಎದ್ದುಹೋದಳು.

ಮರುದಿನ ಪಾದ್ರಿಗಳು ಪುಸ್ತಕ ಹಿಡಿದು ಅಚ್ಚುಕೂಟಕ್ಕೆ ಬಂದರು. ಯಜಮಾನರ ಮುಖ ಕೆಂಪೇರಿತು. ಆಗ ನಮ್ಮ ಅರ್ಕಾವೊತ್ತಿನ ಬಾಯಿಂದ ಹೊರಟ ಮಾತು ಇಷ್ಟು: "ಜೋಡಿಸಿದವರ ಕೈತಪ್ಪು ಇರ್ಬೇಕು." ಅಕ್ಕ ತಲೆಯೆತ್ತಿ ಒಮ್ಮೆ ನೋಡಿದರು, ಅಷ್ಟೇ. ಸಂಜೆಯೊಳಗೆ ಅವರನ್ನು ಮೊಳೆಯ ಗೂಡುಗಳ ಮುಂದಿನಿಂದ ಬಿಡಿಸಿ ಹಾಳೆ ಮಡಿಚುವ ಕೋಣೆಗೆ ಅಟ್ಟಿದರು.

ತಮ್ಮ ಕೆಂಪು ಶಾಯಿಯಿದ್ದ ಆ ಕರಡನ್ನು ಹರಿದುಹಾಕಲೆಂದು ಅಣ್ಣ ತಂತಿಗೆ ಚುಚ್ಚಿಟ್ಟ ಹಳೆಯ ಹಾಳೆಗಳನ್ನೆಲ್ಲ ಜಾಲಾಡಿದರು, ಅದೊಂದೇ ಇರಲಿಲ್ಲ. ಹದಿನೈದು ದಿನ ಹೀಗೇ ಹುಡುಕಿದರು. ಕೊನೆಗೆ ಮಡಿಚುವ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು. ಏನೂ ಕೇಳುವ ಮೊದಲೇ ಅಕ್ಕ ತಮ್ಮ ಚೀಲದಿಂದ ಆ ಹಾಳೆ ತೆಗೆದು ಕೈಗಿತ್ತರು.

"ನಿನ್ನ ಹತ್ರಾನೇ ಇತ್ತಾ? ತೋರಿಸ್ಬಾರದಿತ್ತೇನಮ್ಮಾ?"

"ತೋರಿಸಿದ್ರೆ ಈ ವಯಸ್ಸಲ್ಲಿ ನಿಮ್ಮನ್ನ ಮನೆಗೆ ಕಳಿಸ್ತಿದ್ರು. ನನ್ನ ನೋಡ್ಕೊಳ್ಳೋಕೆ ಮೇಲೊಬ್ಬ ಇದಾನೆ. ನಿಮಗೆ ಅವನ ಮೇಲೂ ನಂಬಿಕೆ ಇಲ್ವಲ್ಲಾ ಅಣ್ಣಾ, ಕೈಬಿಡಲ್ಲ ಅಂತ ಅವನು ಕೊಟ್ಟ ಮಾತನ್ನೇ ತಿದ್ದಿದೋರು ನೀವು!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಅಕ್ಕ ನಕ್ಕುಬಿಟ್ಟರು. ಆ ನಗುವಿನೆದುರು ಕೊಕ್ಕೆಬೆನ್ನು ಇನ್ನಷ್ಟು ಬಾಗಿತು.

ಅಣ್ಣ ಅದೇ ಹಾಳೆ ಹಿಡಿದು ಯಜಮಾನರ ಕೋಣೆಗೆ ಹೋದರು. ಅಕ್ಕ ಮೊಳೆಗಳ ಮುಂದಕ್ಕೆ ಮರಳಿದರು, ಇವರು ಮಡಿಚುವ ಕೋಣೆಗೆ ಇಳಿದರು. ಆ ಹೆಂಗಸಿನ ಮನೆಬಾಗಿಲಿಗೂ ಹೋಗಿ, ತಮ್ಮ ಕೈಯಿಂದಲೇ ಆ ಕೊಂಬನ್ನೂ 'ವ'ಕಾರವನ್ನೂ ಹೊಡೆದುಹಾಕಿದ ಪುಸ್ತಕ ಕೊಟ್ಟು, ತಲೆ ಎತ್ತದೆ ಬಂದರು. ಭಾನುವಾರ ಸಭೆಯಲ್ಲಿ ಎದ್ದು ನಿಂತರು. "ಜೋಡಿಸಿದವಳು ಸರಿಯಾಗೇ ಜೋಡಿಸಿದ್ಲು. ಕೆಡಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ." ಕಿವಿಯ ತುದಿಯವರೆಗೂ ಕೆಂಪಾಗಿ ಕುಳಿತರು. ಪಾದ್ರಿಗಳು ಪ್ರಾರ್ಥನೆ ಆರಂಭಿಸಿದರು. ಆಗ ಅವರ ಬಲಗಣ್ಣು ಮೊದಲು ಅದುರಿತು, ಆಮೇಲೆ ದಣಿದ ಕೂಸು ನಿದ್ದೆಹೋದಂತೆ ತಾನಾಗಿ ಮುಚ್ಚಿಕೊಂಡಿತು.

ಅದನ್ನು ನಾನು ಕಂಡೆನೆಂದರೆ ನನ್ನ ಕಣ್ಣೂ ತೆರೆದಿತ್ತೆಂದು ಒಪ್ಪಿಕೊಂಡಂತಾಯಿತು. ಲೋಕವನ್ನೆಲ್ಲ ತಾವೇ ಕಾಯಬೇಕೆಂದು ಎಚ್ಚರವಾಗಿ ಕೂತವರು ನಾವು ಬಹಳ ಮಂದಿ; ನಮ್ಮ ಕಣ್ಣೇ ನಮಗೆ ಮೋಸಮಾಡಿದ ದಿನವಲ್ಲದೆ ಇನ್ನೊಬ್ಬನ ಕಾವಲನ್ನು ನಂಬುವವರಲ್ಲ. ಅವರ ನಾಚಿಕೆ ಅಂದೇ ಕಳೆದುಹೋಯಿತೆಂದು ಹೇಳಲಾರೆ, ಅಕ್ಕ ಎದುರಾದರೆ ಕಡೆಯವರೆಗೂ ತಲೆ ತಗ್ಗಿಸುತ್ತಿದ್ದರು. ಆದರೆ ಅಂಥವರಿಗೆ ನೆಮ್ಮದಿಯೆಂಬುದು ನಾಚಿಕೆ ಎದ್ದುಹೋಗಲೆಂದು ಹೊರಗೆ ಕಾಯುವುದಿಲ್ಲ. ಸ್ವಲ್ಪ ಸರಿದು ಜಾಗ ಕೊಡು ಎಂದು ಅದೇ ಬೆಂಚಿನಲ್ಲಿ ಬಂದು ಕೂರುತ್ತದೆ.