ಚೌಕಟ್ಟು ಬಿದ್ದ ಜಾಗ

ನಮ್ಮ ಕಂಪನಿಯದು ಹಾಲಿನ ವ್ಯಾಪಾರ. ಸೇರಿ ಆರು ವರ್ಷವಾದರೂ ನಾನು ಒಂದು ಲೋಟ ಹಾಲು ಅಳೆದವಳಲ್ಲ. ನನ್ನ ಕೆಲಸ ಹುಲ್ಲು ಅಳೆಯುವುದು. ಅಮ್ಮ ಏನು ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದಾಗ ಮಗಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳಂತೆ. ತರಗತಿಯೆಲ್ಲ ನಕ್ಕಿತಂತೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಹಳ್ಳಿಯ ಹಿಂದೆ ಒಂದು ಗುಡ್ಡ. ಎಲ್ಲರಿಗೂ ಸೇರಿದ್ದರಿಂದ ಯಾರೂ ನೋಡಿಕೊಳ್ಳದೆ, ಮೇಯಿಸಿ ಮೇಯಿಸಿ ಬೋಳಾಗಿತ್ತು. ಜೋರು ಮಳೆ ಬಂದರೆ ಅದರ ಮಣ್ಣೆಲ್ಲ ಇಳಿದು ಕೆಳಗಿನ ಬಾವಿಗಳಲ್ಲಿ ಕೂರುತ್ತಿತ್ತು. ಆ ಬಾವಿಗಳಲ್ಲಿ ಎರಡು ನಮ್ಮ ಕಂಪನಿಯವು. ಹಾಲು ತಂಪು ಮಾಡುವ ಘಟಕಕ್ಕೆ ಅಲ್ಲಿಂದಲೇ ನೀರು. ಹಾಗಾಗಿ ಕಂಪನಿಗೆ ಗುಡ್ಡದ ಮೇಲೆ ಪ್ರೀತಿ ಉಕ್ಕಿತು. ತಮಾಷೆಗೆ ಹೇಳುತ್ತಿಲ್ಲ, ಒಪ್ಪಂದ ಚೆನ್ನಾಗಿಯೇ ಇತ್ತು. ಬೀಜ, ಬದು, ತಂತಿಬೇಲಿ ಕಂಪನಿಯದು. ಮೂರು ವರ್ಷ ದನ, ಕುರಿ, ಮೇಕೆ ಒಳಗೆ ಬಿಡದೆ ಕಾಯುವುದು ಹಳ್ಳಿಯವರದು. ಮೂರನೆಯ ವರ್ಷದ ಕೊನೆಗೆ ಅಳೆಯಬೇಕು. ನೂರರಲ್ಲಿ ಎಪ್ಪತ್ತು ಪಾಲು ನೆಲ ಹುಲ್ಲಿನಿಂದ ಮುಚ್ಚಿದ್ದರೆ ಸರದಿಯ ಮೇಲೆ ಮೇಯಿಸಲು ಬೇಲಿ ತೆರೆಯಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ ಬೀಗ.

ಅಳೆಯುವ ರೀತಿ ಹೀಗೆ: ಕಬ್ಬಿಣದ ಸರಳಿನ ಚೌಕಟ್ಟು, ಉದ್ದ ಅಗಲ ಒಂದೊಂದು ಮೀಟರು. ನಕ್ಷೆಯಲ್ಲಿ ಗುರುತು ಮಾಡಿದ ಇಪ್ಪತ್ತು ಜಾಗಗಳಿಗೆ ಹೋಗಿ, ಒಂದೊಂದರಲ್ಲೂ ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅದು ಬಿದ್ದಲ್ಲಿ ಮಂಡಿಯೂರಿ, ಒಳಗಡೆ ಎಷ್ಟು ಹುಲ್ಲು, ಎಷ್ಟು ಬರಿಮಣ್ಣು ಎಂದು ಬರೆದುಕೊಳ್ಳಬೇಕು. ನೋಡಿಕೊಂಡು ಎಸೆದರೆ ಕೈ ತನಗೆ ಬೇಕಾದ ಕಡೆಗೇ ಎಸೆಯುತ್ತದೆ, ಅದಕ್ಕೇ ಬೆನ್ನು ತಿರುಗಿಸುವುದು. ನಾನು ಎಸೆಯುವುದನ್ನು ನೋಡಲು ಬೇಲಿಯ ಪಕ್ಕ ಜನ ನಿಲ್ಲುತ್ತಿದ್ದರು. ನನಗೆ ಚೌಕಟ್ಟಮ್ಮ ಎಂದು ಹೆಸರಿಟ್ಟವರೂ ಅವರೇ.

ಆ ಬೇಲಿ ತೆರೆಯುವ ದಿನಕ್ಕೆ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ದೊಡ್ಡಮ್ಮ. ನನಗೇನೂ ಸಂಬಂಧಿಯಲ್ಲ, ಹಳ್ಳಿಗೆಲ್ಲ ದೊಡ್ಡಮ್ಮ. ಇಪ್ಪತ್ತಾರು ಕುರಿ, ಒಂದು ಕೋಲು, ಹಾಳಾದ ಮಂಡಿ, ಹಾಳಾಗದ ಬಾಯಿ. ಮೂರು ವರ್ಷ ಕುರಿಗಳನ್ನು ರಸ್ತೆಯ ಅಂಚಿನಲ್ಲಿ, ಕಾಲುವೆಯ ದಡದಲ್ಲಿ ಮೇಯಿಸಿ ಹೇಗೋ ಉಳಿಸಿಕೊಂಡಿದ್ದಳು. ನಾಲ್ಕನೆಯ ವರ್ಷ ತನ್ನ ಕೈಲಾಗದು ಎಂದು ಸಭೆಯಲ್ಲಿ ಎಲ್ಲರೆದುರು ಹೇಳಿದ್ದಳು. ನಾನೂ ಅಲ್ಲೇ ಕೂತಿದ್ದೆ.

ಅಳೆಯುವ ದಿನ ಬೆಳಿಗ್ಗೆ ಮಗಳ ಮೈ ಸ್ವಲ್ಪ ಬಿಸಿ ಇತ್ತು. ಗಂಡ ಹಾಲಿನ ಟ್ಯಾಂಕರು ಓಡಿಸುವವರು, ಊರಲ್ಲಿರಲಿಲ್ಲ. ಒಂದು ಮಾತ್ರೆ ಕೊಟ್ಟು ಶಾಲೆಗೆ ಬಿಟ್ಟು, ಮೂರೂವರೆಗೆ ಗೇಟಿನ ಹತ್ತಿರ ಇರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಎರಡು ಗಂಟೆಗೆ ಒಂಬತ್ತು ಜಾಗ ಮುಗಿದಿದ್ದವು. ಉಳಿದ ಹನ್ನೊಂದು ಕಡಿದಾದ ಮಗ್ಗುಲಲ್ಲಿ, ಮುಳ್ಳುಪೊದೆಗಳ ಆಚೆ. ಇಳಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು.

ಬೇಲಿಯ ಹೊರಗೆ ಕುರಿಗಳ ನಡುವೆ ನಿಂತಿದ್ದ ದೊಡ್ಡಮ್ಮ ನಾನು ಮೂರು ಸಲ ಗಡಿಯಾರ ನೋಡಿದ್ದನ್ನು ಲೆಕ್ಕ ಇಟ್ಟಿದ್ದಳು. ವಿಷಯ ಕೇಳಿ ತಿಳಿದುಕೊಂಡಳು.

"ಹೋಗೇ ತಾಯಿ, ಮಗು ಕಾಯ್ತಿರುತ್ತೆ. ಹುಲ್ಲಿಗೇನು ಕಾಲಿದ್ಯಾ, ಓಡಿಹೋಗೋಕೆ?"

ನಾಳೆ ಬಂದು ಮುಗಿಸು ಎಂದು ಅವಳ ಅರ್ಥ. ನಾಳೆಗೆ ನನಗೆ ಬೇರೊಂದು ಗುಡ್ಡವಿತ್ತು. ನಾನು ಮೇಲಿನ ಕಾಲುದಾರಿಯಲ್ಲೇ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು, ಹನ್ನೊಂದು ಸಲ ಎಸೆದೆ. ಪ್ರತಿ ಸಲವೂ ಬೆನ್ನು ತಿರುಗಿಸಿಯೇ ಎಸೆದೆ. ಅಷ್ಟರಮಟ್ಟಿಗೆ ನಿಯಮ ಪಾಲಿಸಿದವಳು ನಾನು. ಜಾಗದ ಸಂಖ್ಯೆಗಳನ್ನು ನಕ್ಷೆಯಲ್ಲಿದ್ದ ಹಾಗೇ ಬರೆದೆ. ಇಪ್ಪತ್ತರ ಸರಾಸರಿ ನೂರಕ್ಕೆ ಐವತ್ತೆರಡು ಬಂತು. ಗುಡ್ಡಕ್ಕೆ ಇನ್ನೊಂದು ವರ್ಷ ಬೀಗ ಬಿತ್ತು.

ಎರಡು ವಾರದ ನಂತರ ಬೇಲಿಯ ಮುರಿದ ಕಂಬದ ಫೋಟೊ ತೆಗೆಯಲು ಹೋದಾಗ ನೀರಿನ ಬಾಟಲಿ ಕೈಜಾರಿ ಆ ಮಗ್ಗುಲಿಗೇ ಉರುಳಿತು. ಸ್ಟೀಲಿನದು, ಮಗಳದು, ಬಿಟ್ಟು ಬರುವಂತಿರಲಿಲ್ಲ. ಬೈದುಕೊಂಡು ಇಳಿದೆ. ಪೊದೆಗಳ ಆಚೆ ಮಂಡಿ ಮುಳುಗುವಷ್ಟು ಹುಲ್ಲು. ಬಾಟಲಿ ಹುಡುಕಲು ಕೈಯಿಂದ ಹುಲ್ಲು ಸರಿಸಬೇಕಾಯಿತು. ಬುಡದಲ್ಲಿ ಮಣ್ಣು ಕಪ್ಪಗೆ, ತೇವವಾಗಿತ್ತು. ತಲೆ ಎತ್ತಿ ನೋಡಿದೆ. ಹಸಿರಿನ ನಡುವೆ ಮೇಲಿನ ಕಾಲುದಾರಿ ಒಂದೇ ಬೋಳಾಗಿ ಗೆರೆ ಎಳೆದಂತೆ ಕಾಣುತ್ತಿತ್ತು. ಮೂರು ವರ್ಷದ ಹಿಂದೆ ಅಲ್ಲಿ ದಾರಿಯೇ ಇರಲಿಲ್ಲ. ತಿಂಗಳಿಗೆರಡು ಸಲ ಬೇಲಿ ನೋಡಲು ಬಂದು, ಸುಲಭ ಎಂದು ಅದೇ ಜಾಗದಲ್ಲಿ ನಡೆದು ನಡೆದು ದಾರಿ ಮಾಡಿದ್ದು ನಾನೇ. ನಾನು ತುಳಿದು ಸಾಯಿಸಿದ ಹುಲ್ಲನ್ನು ನಾನೇ ಅಳೆದು, ಇಲ್ಲಿ ಹುಲ್ಲು ಬಂದಿಲ್ಲ ಎಂದು ಬರೆದುಕೊಟ್ಟಿದ್ದೆ.

ಮರುದಿನ ಮ್ಯಾನೇಜರ ಮುಂದೆ ನಿಂತೆ. ಕೆಳಗೆ ಇಳಿದಿರಲಿಲ್ಲ ಸಾರ್ ಎಂಬುದು ನಾಲಗೆಯ ತುದಿಯವರೆಗೆ ಬಂತು. ಬಾಯಿಂದ ಹೊರಬಂದದ್ದು ಮಾತ್ರ, ಆ ಗುಡ್ಡವನ್ನು ಇನ್ನೊಂದು ಸಲ ಅಳೆದರೆ ಹೇಗೆ ಎಂಬ ಮಾತು. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ವರದಿ ಮೇಲೆ ಹೋಗಿ ಆಗಿದೆ, ಒಂದನ್ನು ತಿದ್ದಿದರೆ ಉಳಿದ ಗುಡ್ಡಗಳದ್ದನ್ನೂ ಅನುಮಾನಿಸುತ್ತಾರೆ, ಒಂದು ವರ್ಷ ತಡವಾದರೆ ಹುಲ್ಲು ಇನ್ನಷ್ಟು ಬೆಳೆಯುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ ಎಂದರು. ಆಗ ನನಗಾದದ್ದು ದುಃಖವಲ್ಲ, ನೆಮ್ಮದಿ. ಕೇಳುವುದನ್ನು ಕೇಳಿದೆ, ಅವರು ಬೇಡ ಎಂದರು, ನನ್ನದೇನು ತಪ್ಪು ಎಂದು ಮನೆಯವರೆಗೂ ಹೇಳಿಕೊಂಡು ಬಂದೆ. ಬೇಡ ಎನ್ನಲಿ ಎಂದೇ ಹಾಗೆ ಕೇಳಿದ್ದೆ ಎಂಬುದು ಅನ್ನಕ್ಕೆ ಅಕ್ಕಿ ತೊಳೆಯುವಾಗ ತಿಳಿಯಿತು.

ಆ ತಿಂಗಳೇ ದೊಡ್ಡಮ್ಮ ಕುರಿ ಮಾರಿದಳು. ನಾನು ಬಸ್ಸಿಗೆ ನಿಂತಿದ್ದಾಗ ಲಾರಿ ಎದುರಿಗೇ ಹೋಯಿತು. ಬೆನ್ನಿನ ಮೇಲೆ ನೀಲಿ ಗುರುತು ಹಾಕಿದ್ದ ಇಪ್ಪತ್ತಾರೂ ಇದ್ದವು. ಹಿಂದೆ ರಸ್ತೆಯ ನಡುವೆ ಅವಳು ನಿಂತಿದ್ದಳು. ಕೋಲನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದಳು. ನಾನು ಬ್ಯಾಗಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಮಾರನೆಯ ವರ್ಷ ಇಪ್ಪತ್ತು ಜಾಗಕ್ಕೂ ಹೋದೆ. ಎರಡು ದಿನ ಹಿಡಿಯಿತು, ಕೈಯೆಲ್ಲ ಮುಳ್ಳು ಗೀರಿತು. ಎಂಬತ್ತಾರು ಬಂತು. ಬೇಲಿ ತೆರೆಯಿತು. ಕಂಪನಿಯ ದೊಡ್ಡವರು ಬಂದು ಫೋಟೊ ತೆಗೆಸಿಕೊಂಡರು. ಸರದಿಯ ಪ್ರಕಾರ ಗೇಟು ತೆರೆದು ಮುಚ್ಚಲು ಒಬ್ಬರು ಬೇಕೆಂದು ದೊಡ್ಡಮ್ಮನನ್ನೇ ಕೆಲಸಕ್ಕೆ ಇಟ್ಟುಕೊಂಡರು. ಬೇರೆಯವರ ದನ, ಬೇರೆಯವರ ಮೇಕೆ ಒಳಗೆ ಬಿಡುವುದು, ಸಂಜೆ ಎಣಿಸಿ ಹೊರಗೆ ಕಳಿಸುವುದು. ಇಪ್ಪತ್ತಾರರ ಮೇಲೆ ಎಣಿಸಿ ಅಭ್ಯಾಸವಿಲ್ಲ ಅವಳಿಗೆ ಎಂದು ಹಳ್ಳಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಒಂದು ಸಂಜೆ ಎಲ್ಲ ಹೊರಟುಹೋದ ಮೇಲೆ ಗೇಟಿನ ಹತ್ತಿರ ಅವಳಿಗೆ ಹೇಳಿದೆ. ಮ್ಯಾನೇಜರಿಗೆ ಹೇಳದೆ ಬಿಟ್ಟದ್ದನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದೆ. ಅವಳು ಬೀಗದ ಕೈಯನ್ನು ಸೀರೆಯ ಸೆರಗಿಗೆ ಉಜ್ಜುತ್ತ ಕೇಳಿಸಿಕೊಂಡಳು.

"ನಾನು ಮಗು ಕಾಯ್ತಿರುತ್ತೆ ಹೋಗು ಅಂದಿದ್ದು," ಎಂದಳು ಕೊನೆಗೆ. "ನೋಡದೇ ಇರೋದನ್ನ ಬರಿ ಅಂದಿರ್ಲಿಲ್ಲ."

"ಇಲ್ಲ ದೊಡ್ಡಮ್ಮ."

"ನನಗೆ ಹೇಳಿದ್ರೆ ನಾನೇನು ಮಾಡ್ಲಿ? ನಿನ್ನ ಬಾಯಿಗೆ ಹಗುರ ಆಯ್ತು, ಅಷ್ಟೇ. ನೀನು ಅಳೆಯೋ ಗುಡ್ಡ ಇದೊಂದೇನಾ?"

ಇದೊಂದೇ ಅಲ್ಲ. ಇನ್ನೂ ಎಂಟಿವೆ. ಅವುಗಳಲ್ಲಿ ಎಷ್ಟರಲ್ಲಿ ನನ್ನ ಕಾಲುದಾರಿಗಳಿವೆಯೋ, ನನಗೇ ನೆನಪಿಲ್ಲ. ಬೆಳಿಗ್ಗೆ ಮ್ಯಾನೇಜರಿಗೆ ಕೊಡಲು ಈಗ ಅದನ್ನೆಲ್ಲ ಗುಡ್ಡದಿಂದ ಗುಡ್ಡಕ್ಕೆ ಬರೆಯುತ್ತ ಕೂತಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಒಳಕೋಣೆಯಲ್ಲಿ ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಾಳೆ.

ಆ ಸಂಜೆ ದೊಡ್ಡಮ್ಮ ಗೇಟಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಕೇಳಿದ್ದಳು.

"ಆವತ್ತು ಮಗು ಸಿಕ್ತಾ, ಹೊತ್ತಿಗೆ ಸರಿಯಾಗಿ?"

ಸಿಕ್ಕಿತು ಎಂದೆ. ಶಾಲೆಯ ಗಂಟೆ ಹೊಡೆಯುವುದಕ್ಕೆ ಇಪ್ಪತ್ತು ನಿಮಿಷ ಮುಂಚೆಯೇ ಹೋಗಿ, ಗೇಟಿನ ಎದುರು ನೆರಳಿನಲ್ಲಿ ಸುಮ್ಮನೆ ಕೂತಿದ್ದೆ ಎಂಬುದನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ.