ಕಾಜಲಳ ಕೋಣೆಗೆ ಬಂದ ಇಬ್ಬರು ಗುತ್ತಿಗೆದಾರರು

ದರಿಬಡಚಿ ಊರಿನ ಛಾಯಾ ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲೇ ಒಂದು ಕೋಣೆ ಕಟ್ಟುತ್ತಿದ್ದಳು. ದಾಳಿಂಬೆ ತೋಟದಲ್ಲಿ ಕೂಲಿ ಮಾಡುವಾಗ ಅದರ ಕಿಟಕಿ ಯಾವ ಕಡೆ ಇರಬೇಕೆಂದು ಯೋಚಿಸುತ್ತಿದ್ದಳು. ರೊಟ್ಟಿ ಬಡಿಯುವಾಗ ಅದರ ಗೋಡೆಗೆ ಬಣ್ಣ ಹಚ್ಚುತ್ತಿದ್ದಳು. ಒಂದು ದಿನ ತಿಳಿನೀಲಿ, ಇನ್ನೊಂದು ದಿನ ಹಾಲುಬಿಳಿ. ಮಧ್ಯಾಹ್ನ ಗಳಿಗೆ ಹೊತ್ತು ಕಣ್ಣು ಮುಚ್ಚಿದರೆ ಸಾಕು, ಆ ಕೋಣೆ ಮೆಲ್ಲಗೆ ಬಂದು ಅವಳ ಸುತ್ತ ನಿಲ್ಲುತ್ತಿತ್ತು. ಅಲ್ಲಿ ತಂಪಿತ್ತು. ಸದ್ದಿರಲಿಲ್ಲ. ಮಗಳು ಕಾಜಲ ಮೇಜಿಗೆ ಮೊಣಕೈ ಊರಿ ಓದುತ್ತಿದ್ದಳು, ಪುಟ ತಿರುವುವ ಸಪ್ಪಳವಷ್ಟೇ ಕೇಳುತ್ತಿತ್ತು.

ಕಣ್ಣು ತೆರೆದರೆ ಮನೆ ಬೇರೆಯೇ ಇತ್ತು. ಒಂದೇ ಉದ್ದನೆಯ ಖೋಲಿ. ಈ ತುದಿಗೆ ಒಲೆ, ಆ ತುದಿಗೆ ಟಿವಿ, ನಡುವೆ ಹಾಸಿಗೆ. ಮೇಲೆ ತಗಡಿನ ಪತ್ರಾ. ಬಿಸಿಲಿಗೆ ಅದು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಹತ್ತನೆಯ ತರಗತಿಯ ಕಾಜಲ ಪುಸ್ತಕ ಹಿಡಿದು ಹಿತ್ತಲಿನ ಬೇವಿನ ಮರದ ಕೆಳಗೆ ಹೋಗುತ್ತಿದ್ದಳು. ಬೆಳಕು ಇಳಿದ ಮೇಲೆ ಒಳಗೆ ಬಂದು ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಛಾಯಾಳ ಗಂಡ ದಾದಾಸಾಹೇಬ ದಾಳಿಂಬೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಒಂದು ದಿನ ಅವನು ಮೊಬೈಲು ಹಿಡಿದು ನಗುನಗುತ್ತ ಬಂದ.

"ಛಾಯಾ, ಇಲ್ಲಿ ನೋಡು. ಜಿಪ್ಸಮ್ ಬೋರ್ಡ್ ಅಂತಾರ. ಬಿಳಿ ಹಲಗಿ. ಅದರಾಗೇ ಗ್ವಾಡಿ ಮಾಡತಾರ, ಮ್ಯಾಲ ಸೀಲಿಂಗೂ ಮಾಡತಾರ. ಪಾಯಾ ತಗಿಯೂದು ಬ್ಯಾಡ, ಇಟ್ಟಂಗಿ ಬ್ಯಾಡ. ಮೂರು ದಿನದಾಗ ಖೋಲಿ ರೆಡಿ!"

"ಯಾರ್ ಮಾಡತಾರ್ರೀ?"

"ಒಬ್ಬಾಂವ ಅದಾನ. ಗಾಡಿ ಅಡ್ಡಾದಾಗ ನಂಬರ್ ಸಿಕ್ತು. ಫೋಟೋ ಭಾಳ ಚಲೋ ಅದಾವ."

ಮಾರನೆಯ ದಿನವೇ ಆ ಮನುಷ್ಯ ಬಂದ. ಛಾಯಾ ತನ್ನ ಮನಸ್ಸಿನ ಕೋಣೆಯನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟಳು. ಇಲ್ಲಿ ಮೇಜು, ಇಲ್ಲಿ ಪುಸ್ತಕದ ಹಲಗೆ, ನಡುವೆ ಫ್ಯಾನು. ಎಲ್ಲದಕ್ಕೂ ಅವನು "ಆಗತೈತಿ ವೈನಿ" ಎಂದ. ಒಂದು ಪ್ರಶ್ನೆ ಕೇಳಲಿಲ್ಲ. ತಲೆ ಎತ್ತಿ ಪತ್ರಾ ಕಡೆ ನೋಡಲಿಲ್ಲ. ಕಾಗದ ಬರೆಯಲಿಲ್ಲ. ರೊಕ್ಕ ಮಾತ್ರ ಮೊದಲೇ ಪೂರ್ತಿ ಕೇಳಿದ. ದಾದಾಸಾಹೇಬ ಕೊಟ್ಟುಬಿಟ್ಟ.

ಮೂರು ದಿನಕ್ಕೆ ಆ ಉದ್ದನೆಯ ಖೋಲಿಯೊಳಗೇ ಬಿಳಿ ಹಲಗೆಯ ಕೋಣೆ ನಿಂತಿತು. ಛಾಯಾ ಅಂದು ಮಧ್ಯಾಹ್ನ ಅದರೊಳಗೆ ಅಂಗಾತ ಮಲಗಿದಳು. ಮೇಲೆಲ್ಲ ಬಿಳಿ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಸೀಲಿಂಗ್ ಶುರುವಾಯಿತು ಎಂದು ತಿಳಿಯದಷ್ಟು ಬಿಳಿ.

"ಕಾಜಲ, ಮೋಡದ ಹೊಟ್ಟಿಯೊಳಗ ಮಲಗಿದಂಗ ಆಗತೈತಿ ನೋಡು," ಎಂದಳು.

ಕಾಜಲ ನಕ್ಕು, ತನ್ನ ಪುಸ್ತಕಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸಿದಳು.

ಭಾದ್ರಪದದ ಮಳೆ ಬಂತು. ಸೀಲಿಂಗಿನ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಒಂದು ಕಲೆ ಕಂಡಿತು. ಮೊದಲು ರೂಪಾಯಿಯಷ್ಟು. ನಾಲ್ಕು ದಿನಕ್ಕೆ ರೊಟ್ಟಿಯಷ್ಟು. ಹಲಗೆ ಸಣ್ಣಗೆ ಹೊಟ್ಟೆ ಬಿಟ್ಟಿತು. ದಾದಾಸಾಹೇಬ ಫೋನು ಮಾಡಿದ. "ನಾಳೆ ಬರತೀನಿ" ಎಂದ ಆ ಮನುಷ್ಯ. ಆಮೇಲೆ "ನಾಡದ". ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಒಂದು ರವಿವಾರ ಕಾಜಲ ಓದುತ್ತಿದ್ದಳು. ಬಾಯಾರಿತೆಂದು ಎದ್ದು ನೀರಿನ ಕೊಡದ ಹತ್ತಿರ ಬಂದಳು. ಹಿಂದೆ ಧಪ್ಪೆಂದು ಸದ್ದಾಯಿತು. ನೀರು ಕುಡಿದ ಹಲಗೆ, ಕಟ್ಟಿಗೆಯ ಪಟ್ಟಿ, ಆ ಪಟ್ಟಿಗೆ ತೂಗುಹಾಕಿದ ಫ್ಯಾನು ಎಲ್ಲವೂ ಕೂಡಿ ಅವಳ ಕುರ್ಚಿಯ ಮೇಲೆ ಬಿದ್ದಿದ್ದವು. ಕಾಜಲ ನೀರಿನ ತಂಬಿಗೆ ಹಿಡಿದು ಹಾಗೇ ನಿಂತಿದ್ದಳು. ಛಾಯಾ ಓಡಿಬಂದು ಅವಳನ್ನು ತಬ್ಬಿಕೊಂಡಳು.

ಸದ್ದು ಕೇಳಿ ಪಕ್ಕದ ಓಣಿಯ ನಾಹಿದ ಓಡಿಬಂದಳು. ಊರ ಹೆಂಗಸರ ಬಚತ ಗಟ, ಅಂದರೆ ಉಳಿತಾಯದ ಸಂಘ, ನಡೆಸುವವಳು ಅವಳೇ. ಎಲ್ಲರೂ ಅವಳನ್ನು ಅಕ್ಕನೆಂದು ಆಪಾ ಎನ್ನುತ್ತಿದ್ದರು. ಅವಳೂ ಅವಳ ಗಂಡ ಏಜಾಜನೂ ಆರು ವರ್ಷ ಪುಣೆಯಲ್ಲಿ ಇದೇ ಬೋರ್ಡಿನ ಕೆಲಸ ಮಾಡಿ ಬಂದವರು. ಹಲಗೆ ಹಲಗೆಯ ಸಂದಿಗೆ ಟೇಪು ಹಚ್ಚಿ ನುಣುಪು ಮಾಡುವುದು ನಾಹಿದಳ ಕೈಯ ಕೆಲಸವಾಗಿತ್ತು.

"ಮದಲ ಮೇನ್ ಸ್ವಿಚ್ ಬಂದ್ ಮಾಡ್ರಿ! ವಾಯರ್ ಹಸಿ ಆಗ್ಯಾವ. ಉಳಿದ ಹಲಗಿ ಕೆಳಗ ಯಾರೂ ಹೋಗಬ್ಯಾಡ್ರಿ," ಎಂದು ಬಾಗಿಲಲ್ಲೇ ಕೂಗಿದಳು.

ಸಂಜೆ ದಾದಾಸಾಹೇಬ ಬಂದು ನೋಡಿದ. ಮುಖ ಕಪ್ಪಿಟ್ಟಿತು.

"ಬೋರ್ಡಂದ್ರ ಸುಳ್ಳು. ಕಾಗದದ ಮನಿ! ನಾಳೆ ಎಲ್ಲಾ ಕಿತ್ತು ತಿಪ್ಪಿಗೆ ಒಗಿತೀನಿ."

ನಾಹಿದ ಬಿದ್ದ ತುಂಡೊಂದನ್ನು ಕೈಗೆ ತೆಗೆದುಕೊಂಡಳು. ಅದು ನೆನೆದ ಬಿಸ್ಕೀಟಿನಂತೆ ಮುರಿಯಿತು.

"ದಾದಾ, ಬೋರ್ಡಿನ ತಪ್ಪಿಲ್ಲರಿ. ಪತ್ರಾ ಸೋರತಿತ್ತು. ಸೋರೂದು ನಿಲ್ಲಸದ ಅದರ ಕೆಳಗ ಬೋರ್ಡ್ ಬಡದಾನ. ಜಿಪ್ಸಮ್ ನೀರ ಕುಡಿತೈತಿ. ಮತ್ತ ಫ್ಯಾನ್ ಸೀಲಿಂಗಿಗೆ ಹಾಕಬಾರದು. ಪತ್ರಾ ಹೊತ್ತ ಮ್ಯಾಲಿನ ಕಬ್ಬಿಣದ ಆಂಗಲ್‌ಗೆ ಹುಕ್ ಹಾಕಿ ಇಳಸಬೇಕು. ಭಾರ ಎಲ್ಲಾ ಅದರ ಮ್ಯಾಲ ಇರಬೇಕು."

"ಅಂವಗ ಇದು ಗೊತ್ತಿರಲಿಲ್ಲೇನು?"

"ಗೊತ್ತಿತ್ತೋ ಇಲ್ಲೋ. ನೀವು ಕೇಳಿದ್ರೇನು?"

ಛಾಯಾ ತಲೆ ತಗ್ಗಿಸಿದಳು. ಕೋಣೆ ಬೇಕೆಂದು ಆಸೆಪಟ್ಟವಳು ತಾನೇ ಎಂಬುದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಮುಂದೆ ಎಂಟು ದಿನ ಅವಳು ಮಧ್ಯಾಹ್ನ ಕಣ್ಣು ಮುಚ್ಚಿದರೂ ಕೋಣೆ ಬರಲಿಲ್ಲ. ಬರೀ ಖಾಲಿ ಕುರ್ಚಿ ಬರುತ್ತಿತ್ತು. ಕಾಜಲ ಏನೂ ಅನ್ನದೆ ಮತ್ತೆ ಬೇವಿನ ಮರದ ಕೆಳಗೆ ಹೋಗತೊಡಗಿದ್ದಳು.

ಒಂಬತ್ತನೆಯ ದಿನ ನಾಹಿದ ಬಂದು ಛಾಯಾಳ ಕೈ ಹಿಡಿದಳು. "ಏಳು. ಗುಡ್ಡಾಪುರಕ್ಕ ಹೋಗಿ ಬರೂಣು."

"ದೇವರ ದರ್ಶನಕ್ಕೇನು, ಆಪಾ?"

"ಬ್ಯಾರೆ ಕೆಲಸ ಐತಿ. ಅಲ್ಲಿ ಶಂಕರಲಿಂಗ ಅಂತ ಗುತ್ತೇದಾರ ಮಾಡಿದ ಖೋಲಿ ಐತಿ. ಎರಡು ಮಳಿಗಾಲ ಕಂಡೈತಿ. ಫೋಟೋ ನೋಡಬ್ಯಾಡ, ಮನಿ ನೋಡು. ಆ ಮನಿಯಾಗ ಇರೂ ಮಂದೀನ ಕೇಳು."

ದಾದಾಸಾಹೇಬ ಗೊಣಗುತ್ತಲೇ ಟೆಂಪೋ ತೆಗೆದ. ದಾರಿಯುದ್ದಕ್ಕೂ ಮಳೆ ನಿಂತ ಮೇಲಿನ ಎಳೆ ಬಿಸಿಲಿತ್ತು. ಬೋಳು ಗುಡ್ಡಗಳ ಮೇಲೆ ಎರಡು ದಿನದ ಹಸಿರು ಹರಡಿತ್ತು, ಕುರಿಗಳು ಅದರಲ್ಲಿ ಮೋಡದ ತುಣುಕುಗಳಂತೆ ಸರಿಯುತ್ತಿದ್ದವು.

ಮನೆಯ ಒಡತಿ ಅಕ್ಕವ್ವ ಎಪ್ಪತ್ತರ ಮುದುಕಿ. "ಬರ್ರಿ, ಕುಂದ್ರಿ" ಎಂದು ಒಳಗೆ ಕರೆದಳು. ಛಾಯಾ ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು. ತಂಪು. ಬಿಳಿ. ಹೊರಗಿನ ರಸ್ತೆಯ ಸದ್ದು ಯಾರೋ ಕಂಬಳಿ ಹೊದಿಸಿದಂತೆ ದೂರವಾಯಿತು. ಅವಳು ಗೋಡೆಗೆ ಅಂಗೈ ಇಟ್ಟಳು. ಎಷ್ಟು ಹೊತ್ತು ಇಟ್ಟಿದ್ದಳೋ ಅವಳಿಗೇ ತಿಳಿಯಲಿಲ್ಲ.

ದಾದಾಸಾಹೇಬ ಮಾತ್ರ ಗೋಡೆಯನ್ನು ಗುದ್ದಿ ಗುದ್ದಿ ನೋಡುತ್ತಿದ್ದ.

"ಏ ತಮ್ಮಾ, ಗ್ವಾಡಿ ನಿನಗೇನ್ ಮಾಡೈತೋ?" ಎಂದು ಅಕ್ಕವ್ವ ನಕ್ಕಳು.

"ಅಜ್ಜಿ, ಖರೇ ಹೇಳ್ರಿ. ಇದಕ್ಕ ಏನೂ ಆಗಿಲ್ಲೇನು?"

"ಆಗೈತಲ್ಲ! ಹ್ವಾದ ಬ್ಯಾಸಗಿಯಾಗ ಇಲ್ಲಿ ಸಂದ್ಯಾಗ ಕೂದಲಷ್ಟು ಬಿರುಕು ಬಿಟ್ಟಿತ್ತು. ಫೋನ್ ಮಾಡಿದೆ. ಮೂರನೇ ದಿನಕ್ಕ ಬಂದ. ಹಳೀ ಟೇಪ್ ತಗದು ಹೊಸಾದು ಹಚ್ಚಿದ, ಆರಿದ ಮ್ಯಾಲ ಮತ್ತ ಬಂದು ಉಜ್ಜಿ ಹ್ವಾದ. ರೊಕ್ಕ ಕೇಳಲಿಲ್ಲ. ವರ್ಷದೊಳಗ ಏನಾದ್ರೂ ನಾನ ಬರತೀನಂತ ಕಾಗದದಾಗ ಬರದ ಕೊಟ್ಟಿದ್ದ."

ದಾದಾಸಾಹೇಬನ ಕೈ ಗೋಡೆಯಿಂದ ಕೆಳಗಿಳಿಯಿತು. ಬಿರುಕೇ ಬಿಟ್ಟಿಲ್ಲವೆಂದು ಮುದುಕಿ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಎರಡು ದಿನಕ್ಕೆ ಶಂಕರಲಿಂಗ ದರಿಬಡಚಿಗೆ ಬಂದ. ಛಾಯಾ ಕೋಣೆಯ ವಿಷಯ ಹೇಳಲು ಬಾಯಿ ತೆರೆಯುವ ಮೊದಲೇ ಅವನು ಏಣಿ ಕೇಳಿದ. ಪತ್ರಾ ಹತ್ತಿದ. "ವೈನಿ, ಕೆಳಗ ನಿಂತ ನೋಡ್ರಿ, ಎಲ್ಲಿ ಹನಿ ಬೀಳತೈತಿ ಹೇಳ್ರಿ" ಎಂದು ಕೊಡದಿಂದ ನೀರು ಸುರಿದ. ಐದು ಕಡೆ ಹನಿ ಬಿದ್ದಿತು. ಮೊಳೆಗಳ ತಲೆಯ ಕೆಳಗಿನ ರಬ್ಬರು ಹರಿದುಹೋಗಿತ್ತು.

"ಇವತ್ತ ಬೋರ್ಡ್ ಕೆಲಸ ಹಿಡಿಯಂಗಿಲ್ಲರಿ," ಎಂದ ಕೆಳಗಿಳಿದು. "ಮದಲ ಇದನ್ನ ಬಂದೋಬಸ್ತ್ ಮಾಡೂಣು. ಒಂದು ಮಳಿ ಬರಲಿ. ಹನಿ ಬೀಳಲಿಲ್ಲಂದ್ರ ಆಮ್ಯಾಲ ಸೀಲಿಂಗ್."

ಕೆಲಸ ಸಿಕ್ಕೂ ತಡಮಾಡುವ ಗುತ್ತಿಗೆದಾರನನ್ನು ದಾದಾಸಾಹೇಬ ಅದೇ ಮೊದಲು ನೋಡಿದ್ದ.

ಆಮೇಲೆ ಪ್ರಶ್ನೆಗಳು ಶುರುವಾದವು. ಹಲಗೆಯ ಮೇಲೆ ಎಷ್ಟು ಪುಸ್ತಕ ಇಡುತ್ತೀರಿ? ಒಲೆ ಎಲ್ಲಿ? ನೆಲ ತೊಳೆಯುತ್ತೀರೋ, ಒರೆಸುತ್ತೀರೋ? ಛಾಯಾ ಒಂದೊಂದಕ್ಕೂ ಉತ್ತರ ಹೇಳುತ್ತ ಹೋದಂತೆ ಅವಳ ಕಣ್ಣ ಮುಂದೆ ಮರೆಯಾಗಿದ್ದ ಕೋಣೆ ಮತ್ತೆ ಒಂದೊಂದೇ ಗೋಡೆಯಾಗಿ ನಿಲ್ಲತೊಡಗಿತು.

"ಕಾಗದ ಮಾಡ್ರಿ," ಎಂದಳು ನಾಹಿದ.

ದಾದಾಸಾಹೇಬನಿಗೆ ಸಂಕೋಚವಾಯಿತು. "ಆಪಾ, ಇಷ್ಟು ಚಲೋ ಮನಿಷಾಗ ಕಾಗದ ಕೇಳಿದ್ರ ಅಪಮಾನ ಆಗಂಗಿಲ್ಲೇನು?"

ಶಂಕರಲಿಂಗನೇ ನಕ್ಕ. "ಬರೀರಿ ದಾದಾ. ನನಗೂ ಅದ ಬೇಕು. ಇಲ್ಲಂದ್ರ ನಾಳೆ ನೀವು ಕಪಾಟ ಹೇಳಿದ್ದೆ ಅಂತೀರಿ, ನಾ ಕೇಳಿಲ್ಲ ಅಂತೀನಿ. ಸುಮ್ನ ಜಗಳ."

ಕಾಜಲ ತನ್ನ ವಹಿಯಿಂದ ಹಾಳೆ ಹರಿದು ದುಂಡನೆಯ ಅಕ್ಷರದಲ್ಲಿ ಬರೆದಳು. ಯಾವ ಬೋರ್ಡು, ಎಷ್ಟು ದಪ್ಪ. ಒಲೆಯ ಕಡೆ ತೇವ ತಡೆಯುವ ಹಸಿರು ಬೋರ್ಡು. ಕಟ್ಟಿಗೆಯ ಪಟ್ಟಿಯ ಬದಲು ತುಕ್ಕು ಹಿಡಿಯದ ತಗಡಿನ ಚಾನಲ್ಲು. ಕೆಲಸ ಎಂದು ಮುಗಿಯಬೇಕು. ವರ್ಷದೊಳಗೆ ಕೆಟ್ಟರೆ ಯಾರು ಸರಿಮಾಡಬೇಕು. ರೊಕ್ಕ ಒಮ್ಮೆಲೇ ಅಲ್ಲ, ಕೆಲಸ ಮುಂದೆ ಹೋದ ಹಾಗೆ. ಕೊನೆಯ ಪಾಲು ಎಲ್ಲ ನೋಡಿ ಒಪ್ಪಿದ ಮೇಲೆ. ಇಬ್ಬರೂ ಸಹಿ ಮಾಡಿದರು.

ಶಂಕರಲಿಂಗ ಮೊಳೆಗಳಿಗೆ ಹೊಸ ರಬ್ಬರು ಹಾಕಿ ಪತ್ರಾ ಭದ್ರ ಮಾಡಿದ. ಹಸ್ತದ ಮಳೆ ಬಂತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ಮರುದಿನ ಶಂಕರಲಿಂಗ ಸಾಮಾನು ಇಳಿಸಿದ. ನೆನೆದು ಹಾಳಾದ ಬೋರ್ಡುಗಳನ್ನಷ್ಟೇ ಕತ್ತರಿಸಿ ತೆಗೆದ, ಚೆನ್ನಾಗಿದ್ದದ್ದನ್ನು ಉಳಿಸಿಕೊಂಡ. ಗೋಡೆಯ ಹಲಗೆಯನ್ನು ನೆಲದಿಂದ ಒಂದು ಬೆರಳು ಮೇಲೆ ನಿಲ್ಲಿಸಿದ, ನೆಲ ಒರೆಸಿದ ನೀರನ್ನು ಅದು ಹೀರಬಾರದೆಂದು. ವಾಯರನ್ನು ಪೈಪಿನೊಳಗೆ ಹಾಕಿಸಿದ. ಮುಚ್ಚುವ ಮೊದಲು ಕಾಜಲಳಿಂದ ಫೋಟೋ ತೆಗೆಸಿದ. "ಮುಂದ ಗ್ವಾಡಿಗೆ ಮೊಳಿ ಹೊಡಿಯೂವಾಗ ನೋಡಕೋಬೇಕು ತಂಗಿ, ವಾಯರ್ ಎಲ್ಲಿ ಹೋಗೈತಿ ಅಂತ." ಫ್ಯಾನಿನ ಹುಕ್ಕನ್ನು ಮೇಲಿನ ಕಬ್ಬಿಣಕ್ಕೆ ಬಿಗಿದು, ದಾದಾಸಾಹೇಬನನ್ನೇ ಅದಕ್ಕೆ ಜೋತುಬೀಳಲು ಹೇಳಿದ. ದಾದಾಸಾಹೇಬ ಎರಡೂ ಕೈಯಿಂದ ಹಿಡಿದು ಗಾಳಿಯಲ್ಲಿ ತೂಗಾಡಿದ. ಕಾಜಲ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೆಂದು ಛಾಯಾ ಒಲೆಯ ಮುಂದೆ ಕಣ್ಣೊರೆಸಿಕೊಂಡಳು.

ಸಂದಿಗಳಿಗೆ ಟೇಪು ಹಚ್ಚುವ ದಿನ ನಾಹಿದ ಕೈ ತಡೆಯಲಾಗದೆ ತಾನೂ ಏಣಿ ಹತ್ತಿದಳು. ಅವಳ ಕೈಯ ಸಪಾಟಾದ ತಗಡಿನ ಪಟ್ಟಿ ಗೋಡೆಯ ಮೇಲೆ ಹಾಲಿನ ಕೆನೆ ಸರಿಸುವಂತೆ ಹರಿಯಿತು. ಟೇಪಿನ ಮೇಲೆ ಬಳಿದ ಬಿಳಿ ಲೇಪದ ಒಂದು ಪದರು ಪೂರ್ತಿ ಆರುವವರೆಗೆ ಎರಡನೆಯದನ್ನು ಹಚ್ಚಲಿಲ್ಲ. ಅದನ್ನು ಉಜ್ಜಿ ನುಣುಪು ಮಾಡುವ ದಿನ ಎಲ್ಲರನ್ನೂ ಹೊರಗೆ ಕಳಿಸಿದರು. ಕೆಲಸದವರು ಮೂಗಿಗೆ ಮಾಸ್ಕು ಕಟ್ಟಿದರು. ಹಿಟ್ಟು, ನೀರು ಎಲ್ಲ ಮುಚ್ಚಿಟ್ಟರು. ಆ ಬಿಳಿ ಧೂಳಿ ಎದೆಯೊಳಗೆ ಹೋಗಬಾರದು.

ಮುಗಿಯಲು ಹನ್ನೊಂದು ದಿನ ಹಿಡಿಯಿತು. ದಾದಾಸಾಹೇಬ ಹಾಳೆ ಹಿಡಿದು ಒಂದೊಂದೇ ಸಾಲು ಓದುತ್ತ, ಒಂದೊಂದನ್ನೂ ಕಣ್ಣಾರೆ ನೋಡಿ, ಆಮೇಲೆ ಕೊನೆಯ ಪಾಲು ಕೊಟ್ಟ.

ಮೊನ್ನೆ ಅವನ ಜೊತೆಯ ಡ್ರೈವರನೊಬ್ಬ ಫೋನಿನಲ್ಲಿ ಇದೇ ಕೆಲಸದ ಮಾತೆತ್ತಿದ. ದಾದಾಸಾಹೇಬ ಅಂಗಳದಲ್ಲಿ ನಿಂತು ಜೋರಾಗಿ ಹೇಳುತ್ತಿದ್ದ: "ಏ, ಲಗೂನ ಮಾಡಿಕೊಡತೀನಿ ಅನ್ನಾವನ ಕರೀಬ್ಯಾಡೋ! ಪತ್ರಾ ಮ್ಯಾಲ ಹತ್ತಿ ನೋಡಾವನ ಕರಿ!" ಒಳಗೆ ಛಾಯಾ ಮಗಳ ಮೇಜಿನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದಳು. ಕಣ್ಣು ಮುಚ್ಚಿದಳು, ತೆರೆದಳು. ಎರಡು ಸಲವೂ ಅದೇ ಕೋಣೆ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನಸ್ಸಿನಲ್ಲೂ ಇಂಥ ಒಂದು ಕೋಣೆ ಇದ್ದೀತು. ಅದನ್ನು ಕಟ್ಟಿಸಿ, ಖಂಡಿತ ಕಟ್ಟಿಸಿ. ಆದರೆ ಗುತ್ತಿಗೆದಾರನ ಕೈಗೆ ಕೆಲಸ ಕೊಡುವ ಮೊದಲು ಅವನು ಹಿಂದೆ ಮಾಡಿದ ಮನೆಗೆ ಹೋಗಿ, ಅಲ್ಲಿರುವವರನ್ನು ಮಾತಾಡಿಸಿ. ಸೋರುವುದನ್ನು ನಿಲ್ಲಿಸದೆ ಬೋರ್ಡು ಹಾಕಿಸಬೇಡಿ. ಒಪ್ಪಿಕೊಂಡದ್ದನ್ನೆಲ್ಲ ಬರೆದು ಸಹಿ ಮಾಡಿಸಿ, ಪೂರ್ತಿ ರೊಕ್ಕ ಮೊದಲೇ ಕೊಡಬೇಡಿ. ಫ್ಯಾನು ಯಾವುದಕ್ಕೆ ತೂಗುತ್ತದೆ ಎಂದು ನಿಂತು ನೋಡಿ. ಕೇಳಲು ನಾಚಬೇಡಿ. ಆ ಸೀಲಿಂಗಿನ ಕೆಳಗೆ ಕೂತು ಓದುವವರು ನಿಮ್ಮ ಮಕ್ಕಳು.